ಒಂದು ಪ, ಮೂರು ಸ

ಚಿಕ್ಕಂದಿನಿಂದ ನನ್ನ ಪಿಟೀಲು ಸ-ಪ-ಸ-ಪ ಬಿಟ್ಟು ಬೇರೆ ಶ್ರುತಿ ಕಂಡಿರಲಿಲ್ಲ. ಅದನ್ನು ಕೆಡಿಸಿದ್ದು ಅಮೆರಿಕದ ಕೆಂಟಕಿಯ ಒಬ್ಬ ಮುದುಕ ಪಿಟೀಲುಗಾರ, ವಿಲಿಯಂ ಹ್ಯಾಮಿಲ್ಟನ್ ಸ್ಟೆಪ್. 1937ರಲ್ಲಿ ಸೇಲ್ಯರ್ಸ್‌ವಿಲ್ ಊರಿನಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಆಲನ್ ಲೋಮ್ಯಾಕ್ಸ್ ದಂಪತಿ ಅಲ್ಲಿನ ದೊಡ್ಡ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಆತನ 'ಬೋನಪಾರ್ಟ್ಸ್ ರಿಟ್ರೀಟ್' ರೆಕಾರ್ಡ್ ಮಾಡಿಕೊಂಡರು. ನೆಪೋಲಿಯನ್ ಸೋತು ಹಿಂದೆ ಸರಿದ ನೆನಪಿನ ಮಟ್ಟು. ಬೇರೆಯವರು ಇದನ್ನು ಸೈನಿಕರ ನಡಿಗೆಯ ಹಾಗೆ ನಿಧಾನವಾಗಿ ನುಡಿಸುತ್ತಿದ್ದರು. ಸ್ಟೆಪ್ ಮಾತ್ರ ರೀಲ್ ಅನ್ನುವ ಚುರುಕು ಜನಪದ ಕುಣಿತದ ಹಾಗೆ ಓಡಿಸಿದ.

ಮೊದಲು ಜಿ, ಡಿ, ಎ, ಇ ಅಂತ ಪಾಶ್ಚಾತ್ಯರ ಮಾಮೂಲಿ ಶ್ರುತಿಗೆ ಏರಿಸಿದೆ. ಆಮೇಲೆ ಸ್ಟೆಪ್‌ನ ಶ್ರುತಿಗೆ ಬರಲು ಜಿ ತಂತಿಯನ್ನೂ ಇ ತಂತಿಯನ್ನೂ ಡಿಗೆ ಇಳಿಸಬೇಕು. ಬಿರಡೆ ಸಡಿಲ ಮಾಡಿದ್ದೇ ತಡ, ಮುಟ್ಟದೇ ಇದ್ದ ಎರಡು ತಂತಿಗಳ ಶ್ರುತಿ ಏರಿಬಿಟ್ಟಿತು! ಪಿಟೀಲಿನ ಮೇಲಿನ ಒಟ್ಟು ಎಳೆತ ಕಡಿಮೆಯಾದರೆ ಹಾಗಾಗುತ್ತೆ. ಮೂರು ಸುತ್ತು ಸರಿಮಾಡಿದ ಮೇಲೆ ಕಮಾನು ಎಳೆದೆ. ಡಿ ಅನ್ನು ಸ ಅಂದುಕೊಳ್ಳಿ: ಸ, ಸ, ಪ, ಸ. ಅಯ್ಯೋ, ಇದು ನಮ್ಮ ತಂಬೂರಿ ಲೆಕ್ಕ ಅಲ್ವಾ! ಒಂದು ಪ, ಉಳಿದಿದ್ದೆಲ್ಲ ಸ.

ಅಲ್ಲಿಂದ ದಾರಿ ಸಿಕ್ಕಿತು. ಅಲ್ಲಿಯವರೆಗೆ ನಾನು ಮಟ್ಟನ್ನಷ್ಟೇ ಹಿಡಿಯಲು ಒದ್ದಾಡುತ್ತಿದ್ದೆ. ಸ್ಟೆಪ್ ತಂಬೂರಿಯ ಕೆಲಸವನ್ನೂ ಅದೇ ಪಿಟೀಲಿನಲ್ಲಿ ಮಾಡುತ್ತಿದ್ದ. ಒಂದು ತಂತಿ ಮೇಲೆ ಬೆರಳು, ಪಕ್ಕದ್ದು ಖಾಲಿ, ಕಮಾನು ಎರಡಕ್ಕೂ ತಾಗಬೇಕು. ನನ್ನ ಬೆರಳು ಕೇಳಬೇಕಲ್ಲ? ಗಾಂಧಾರ ಬಂದ ಕೂಡಲೇ ಅಲ್ಲಾಡಿಸುತ್ತಿತ್ತು. ಪಕ್ಕದ ಖಾಲಿ ತಂತಿ ಅಲುಗದೆ ನಿಂತಾಗ ಆ ಕಂಪಿತ ಕುಡಿದವನ ನಡಿಗೆಯ ಹಾಗೆ ಕೇಳುತ್ತೆ. ಎರಡು ವಾರ ಬೆರಳನ್ನು ಸುಮ್ನೆ ಕೂರಿಸುವುದೇ ಅಭ್ಯಾಸ. ರೆಕಾರ್ಡಿಂಗನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿದಾಗ ತಿಳಿಯಿತು, ಕುಣಿತವೆಲ್ಲ ಕಮಾನಿನ ಸಣ್ಣ ಸಣ್ಣ ಎಳೆತದಲ್ಲಿದೆ. ನಾನೋ, ನಮ್ಮ ಕರ್ನಾಟಕ ಸಂಗೀತದ ವರ್ಣಕ್ಕೆ ಎಳೆದ ಹಾಗೆ ಉದ್ದುದ್ದ ಎಳೆಯುತ್ತಿದ್ದೆ.

ಈ ಮಟ್ಟು ನಿಮಗೂ ಗೊತ್ತಿರಬಹುದು. ರೂತ್ ಕ್ರಾಫರ್ಡ್ ಸೀಗರ್ ಎಂಬಾಕೆ ಸ್ಟೆಪ್ ನುಡಿಸಿದ್ದನ್ನು ಕೇಳಿ ಕೇಳಿ ಸ್ವರ ಬರೆದರು. 1941ರಲ್ಲಿ ಅದು ಅಚ್ಚಾಯಿತು. ಮರುವರ್ಷವೇ ಅಮೆರಿಕದ ಸಂಗೀತ ರಚನೆಕಾರ ಏರನ್ ಕೋಪ್ಲಂಡ್ ಅದನ್ನು ಹೆಚ್ಚುಕಮ್ಮಿ ಹಾಗೇ ಎತ್ತಿ ತನ್ನ 'ರೋಡಿಯೋ' ಬ್ಯಾಲೆಯ 'ಹೋ-ಡೌನ್' ಭಾಗದಲ್ಲಿ ಕೂರಿಸಿದ. ಆಮೇಲೆ ಅದೇ ಸಂಗೀತ ಅಮೆರಿಕದ ಟಿವಿಯಲ್ಲಿ ದನದ ಮಾಂಸದ ಜಾಹೀರಾತಿಗೂ ಬಂತು. ಅಮ್ಮನಿಗೆ ಅದನ್ನು ಹೇಳಲು ಹೋಗಿಲ್ಲ. ಆರ್ಕೆಸ್ಟ್ರಾದಲ್ಲಿ ಅಬ್ಬರ ಜಾಸ್ತಿ. ನನಗೆ ಬೇಕಿರುವುದು ಆ ಸಡಿಲ ದಪ್ಪ ತಂತಿಯ ಗುರ್ ಅನ್ನುವ ಸದ್ದು.

ಒಂದೇ ತೊಂದರೆ. ಸ-ಪ-ಸ-ಪಗೆ ವಾಪಸ್ ತಂದರೆ ತಂತಿ ಎರಡು ದಿನ ನೆಟ್ಟಗೆ ನಿಲ್ಲುವುದಿಲ್ಲ. ಭಜನೆಯಲ್ಲಿ ಒಮ್ಮೆ ನಡುವೆಯೇ ಅಪಶ್ರುತಿಯಾಗಿ ಮಾನ ಹೋಯಿತು. ಈಗ ಸ್ಟೆಪ್‌ಗೆ ಅಂತಲೇ ಹಳೆಯದೊಂದು ಪಿಟೀಲು ಕೊಂಡಿದ್ದೇನೆ. ಅದರ ಬಿರಡೆ ಮುಟ್ಟುವುದಿಲ್ಲ.