ಪಿಪಿಟಿ ತೆರೆಯುತ್ತೆ, ಸೇವ್ ಆಗಲ್ಲ: ಶೇರ್ಡ್ ಫೋಲ್ಡರ್ ಜೊತೆ ನನ್ನ ಅನುಭವ

ಕಾಲೇಜೊಂದರ ಕಂಪ್ಯೂಟರ್, ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸೆಮಿನಾರಿನ ಹಿಂದಿನ ದಿನ ಉಪನ್ಯಾಸಕಿಯೊಬ್ಬರು ಗಾಬರಿಯಿಂದ ಫೋನ್ ಮಾಡಿದರು. "ಸರ್, ಪಿಪಿಟಿ ಓಪನ್ ಆಗುತ್ತೆ, ತಿದ್ದಬಹುದು. ಸೇವ್ ಕೊಟ್ಟರೆ ಎರರ್ ಬರ್ತಿದೆ." ಫೈಲ್ ಇದ್ದದ್ದು ಸರ್ವರ್‌ನ ಶೇರ್ಡ್ ಫೋಲ್ಡರ್‌ನಲ್ಲಿ, ಅಂದರೆ ಹಲವರು ನೆಟ್‌ವರ್ಕ್ ಮೂಲಕ ಬಳಸುವ ಫೋಲ್ಡರ್‌ನಲ್ಲಿ.

"ಮೇಡಂ, ಕ್ಲೋಸ್ ಮಾಡಬೇಡಿ. ಸೇವ್ ಆ್ಯಸ್ ಕೊಟ್ಟು ಡೆಸ್ಕ್‌ಟಾಪ್‌ಗೆ ಹಾಕಿ" ಅಂದೆ. ಸೇವ್ ಆಯಿತು. ಮೊದಲು ಕೆಲಸ ಉಳಿಯಬೇಕು, ಕಾರಣ ಆಮೇಲೆ ಹುಡುಕಿದರಾಯಿತು, ಅಲ್ವಾ? ಫೈಲ್ ಕೆಟ್ಟಿಲ್ಲ ಎಂಬುದೂ ಅದರಿಂದಲೇ ಗೊತ್ತಾಯಿತು.

ಫೋಲ್ಡರ್‌ಗಳ ಹೆಸರೆಲ್ಲ ಸೇರಿ ಫೈಲಿನ ಪೂರ್ತಿ ವಿಳಾಸ 259 ಅಕ್ಷರ ದಾಟಿದರೆ ಪವರ್‌ಪಾಯಿಂಟ್ ತಕರಾರು ಮಾಡುತ್ತದೆ. ಇಲ್ಲಿ ಅಷ್ಟು ಉದ್ದವಿರಲಿಲ್ಲ. ಸರ್ವರ್‌ನಲ್ಲಿ ಓಪನ್ ಫೈಲ್ಸ್ ಪಟ್ಟಿ ನೋಡಿದೆ. ಬೇರೆ ಯಾರೂ ಆ ಫೈಲ್ ತೆರೆದಿರಲಿಲ್ಲ.

ಅವರ ಲಾಗಿನ್‌ನಿಂದಲೇ ಅದೇ ಫೋಲ್ಡರ್‌ನಲ್ಲಿದ್ದ ನೋಟ್‌ಪ್ಯಾಡ್ ಫೈಲೊಂದನ್ನು ತಿದ್ದಿ ನೋಡಿದೆ. ಸಲೀಸಾಗಿ ಸೇವ್ ಆಯಿತು. ಹಾಗಾದರೆ ಪರ್ಮಿಷನ್ ಸರಿ ಇದೆ ಅಂದುಕೊಂಡೆ. ಅರ್ಧ ದಿನ ಹಾಳಾಗಿದ್ದು ಇಲ್ಲೇ.

ಸಂಜೆ ಫೋಲ್ಡರನ್ನು ಇನ್ನೊಮ್ಮೆ ನೋಡುವಾಗ 'ಪಿಪಿಟಿ' ಎಂದು ಶುರುವಾಗಿ 'ಟಿಎಂಪಿ' ಎಂದು ಮುಗಿಯುವ ಫೈಲ್‌ಗಳು ಸಾಲಾಗಿ ಕಂಡವು. ಆಗ ವಿಷಯ ಹೊಳೆಯಿತು. ನೋಟ್‌ಪ್ಯಾಡ್ ಇದ್ದ ಫೈಲಿನ ಮೇಲೇ ಬರೆಯುತ್ತದೆ. ಪವರ್‌ಪಾಯಿಂಟ್ ಹಾಗಲ್ಲ. ಅದೇ ಫೋಲ್ಡರ್‌ನಲ್ಲಿ ಒಂದು ತಾತ್ಕಾಲಿಕ ಫೈಲ್ ಮಾಡಿ, ಎಲ್ಲವನ್ನೂ ಅದರಲ್ಲಿ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರು ಕೊಡುತ್ತದೆ. ಅಂದರೆ ಬರೆಯುವ ಅನುಮತಿ ಇದ್ದರೆ ಸಾಲದು, ಅಳಿಸುವ ಅನುಮತಿಯೂ ಬೇಕು.

ಆ ಅನುಮತಿ ತೆಗೆದದ್ದು ನಾನೇ. ಹಿಂದಿನ ವಾರ ಯಾರೋ ತಿಳಿಯದೆ ಒಂದು ಫೈಲ್ ಅಳಿಸಿದ್ದರು. ಮತ್ತೆ ಹಾಗಾಗಬಾರದು ಅಂತ ಡಿಲೀಟ್ ತೆಗೆದು ರೈಟ್ ಮಾತ್ರ ಬಿಟ್ಟಿದ್ದೆ.

ಫೋಲ್ಡರ್ ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಉಪನ್ಯಾಸಕರ ಗುಂಪಿಗೆ ಮಾಡಿಫೈ, ಅಂದರೆ ಬರೆಯುವ ಜೊತೆಗೆ ಅಳಿಸುವ ಅನುಮತಿಯನ್ನೂ ಕೊಟ್ಟೆ. ನೆಟ್‌ವರ್ಕ್‌ನಿಂದ ಬರುವವರಿಗೆ ಬೇರೆಯಾಗಿ ಇರುವ ಶೇರ್ ಪರ್ಮಿಷನ್‌ನಲ್ಲಿ ಚೇಂಜ್ (ಅಲ್ಲಿ ಬರೆಯಲು, ಅಳಿಸಲು ಬಿಡುವ ಅನುಮತಿ) ಇದೆಯೇ ಎಂದೂ ನೋಡಿದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಡೆಯುವುದರಿಂದ ಒಂದನ್ನೇ ಸರಿಮಾಡಿದರೆ ಆಗದು. ಫೈಲ್ ಅಳಿಸಿಹೋಗುವ ಭಯಕ್ಕೆ ಸರ್ವರ್‌ನಲ್ಲಿ ಫೈಲ್‌ಗಳ ಹಿಂದಿನ ಪ್ರತಿಗಳನ್ನು ಆಗಾಗ ಉಳಿಸಿಡುವ ಶ್ಯಾಡೋ ಕಾಪಿ ಆನ್ ಮಾಡಿದೆ. ಅದನ್ನು ಮೊದಲೇ ಮಾಡಬೇಕಿತ್ತು. ನಂತರ ಮೇಡಂ ಲಾಗಿನ್‌ನಿಂದ ಎರಡು ಸಲ ಸೇವ್ ಮಾಡಿಸಿದೆ. ಎರರ್ ಬರಲಿಲ್ಲ, ಹೊಸ ಟಿಎಂಪಿ ಫೈಲೂ ಉಳಿಯಲಿಲ್ಲ.

ಉಳಿದಿದ್ದ ಹಳೆಯ ಟಿಎಂಪಿ ಫೈಲ್‌ಗಳನ್ನು ಸುಮ್ನೆ ಅಳಿಸಲು ಮನಸ್ಸಾಗಲಿಲ್ಲ. ದೊಡ್ಡದೊಂದನ್ನು ಕಾಪಿ ಮಾಡಿ, ಹೆಸರಿನ ಕೊನೆಯನ್ನು ಪಿಪಿಟಿಎಕ್ಸ್ ಎಂದು ಬದಲಿಸಿ ತೆರೆದೆ. ಇನ್ನೊಬ್ಬ ಉಪನ್ಯಾಸಕರು ಎರಡು ದಿನದ ಹಿಂದೆ ಸೇವ್ ಆಗದೆ ಕಳೆದುಕೊಂಡಿದ್ದ ಸ್ಲೈಡ್‌ಗಳೆಲ್ಲ ಅದರಲ್ಲಿದ್ದವು. ಅವರಿಗೆ ಆಗಲೇ ಫೋನ್ ಮಾಡಿದೆ.