ಸಿಲಿಕಾನ್ ಬಿಲ್ಲೆಗೆ ಬೆಳಕು ಬಿಟ್ಟಾಗ

ಚಿಪ್ ಮಾಡಲು ಬಳಸುವ ಸಿಲಿಕಾನ್ ಬಿಲ್ಲೆ (ವೇಫರ್) ನೋಡಲು ಕನ್ನಡಿ. ಆದರೆ ಇಂಟರ್ನೆಟ್ ಫೈಬರ್‌ನಲ್ಲಿ ಓಡುವ 1550 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕು ಅದರೊಳಗೆ ಸಲೀಸಾಗಿ ಹಾಯುತ್ತದೆ. ಇನ್ನೊಂದು ಬೆಳಕು ಬಿಟ್ಟು ಈ ಹಾಯುವ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು. ಅದನ್ನೇ ಬಾಗಲಕೋಟೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳ ಜೊತೆ ಮಾಡಿದೆ.

ಸಾಮಾನು ಬಹಳ ಬೇಕಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೈಬರ್ ಜೋಡಿಸುವ ಕೆಲಸದಲ್ಲಿದ್ದಾನೆ. ಬೆಳಕು ಅಳೆಯುವ ಪವರ್ ಮೀಟರ್, ಫೈಬರ್‌ಗೆ ಬೆಳಕು ಬಿಡುವ ಮೀಡಿಯಾ ಕನ್ವರ್ಟರ್, ಕೆಂಪು ಲೇಸರ್ ಪೆನ್ ಎಲ್ಲ ಅವನೇ ತಂದ. ಕನ್ವರ್ಟರ್‌ಗೆ ದೂರದ ಲಿಂಕ್‌ಗಳಿಗೆ ಬಳಸುವ, ಒಂದೇ ತರಂಗಾಂತರದ ಬೆಳಕು ಕೊಡುವ ಡಿಎಫ್‌ಬಿ ಲೇಸರ್ ಇರುವ ಮಾಡ್ಯೂಲ್ ಹಾಕಿಸಿ. ಕೈಯಲ್ಲಿ ಹಿಡಿಯುವ ಸಾದಾ ಲೈಟ್ ಸೋರ್ಸ್‌ನಲ್ಲಿ ಹಲವು ತರಂಗಾಂತರಗಳು ಬೆರೆತಿರುತ್ತವೆ, ನಾವು ನೋಡಬೇಕಾದ ಬೆಳಕಿನ ಏರಿಳಿತ ಅಳಿಸಿಹೋಗುತ್ತದೆ. ಬಿಲ್ಲೆ ಎರಡೂ ಬದಿ ಪಾಲಿಶ್ ಆಗಿರಲೇಬೇಕು. ಎದುರುಬದುರು ಎರಡು ಕಾಲಿಮೇಟರ್ (ಬೆಳಕನ್ನು ನೇರ ಕಿರಣವಾಗಿಸುವ ಮಸೂರ) ಇಟ್ಟು, ಮೊದಲು ಕೆಂಪು ಪೆನ್ನಿನಿಂದ ಸಾಲು ಹೊಂದಿಸಿ, ಆಮೇಲೆ ನಡುವೆ ಬಿಲ್ಲೆ ತೂಗುಹಾಕಿ. ಮೊದಲೇ ಬಿಲ್ಲೆ ಇಟ್ಟರೆ ಕೆಂಪು ಬೆಳಕು ದಾಟುವುದೇ ಇಲ್ಲ.

ಬಿಲ್ಲೆಯ ಎರಡು ಮುಖಗಳ ನಡುವೆ ಬೆಳಕು ಹಿಂದೆ ಮುಂದೆ ಪುಟಿಯುತ್ತದೆ. ಬೆಳಕು ಒಳಗೆ ಎಷ್ಟು ನಿಧಾನವಾಗುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ಚೂರು ಬದಲಾದರೂ ಹೊರಬರುವ ಬೆಳಕು ಏರುತ್ತದೆ, ಇಳಿಯುತ್ತದೆ. ಬಿಲ್ಲೆಯ ಮೇಲೆ ಬೀಳುವ ಹಾಗೆ ಬಿಳಿ ಎಲ್‌ಇಡಿ ಹಚ್ಚಿದೆವು. ಹ್ಯಾಲೊಜೆನ್ ಬೇಡ ಅಂದೆ, ಅದರಲ್ಲೇ 1550ರ ಬೆಳಕೂ ಇರುತ್ತದೆ, ಮೀಟರ್ ಅದನ್ನೂ ಎಣಿಸುತ್ತದೆ. ಮೀಟರಿನ ಅಂಕಿ ಮೆಲ್ಲಗೆ ಇಳಿಯಿತು, ನಿಂತಿತು, ಮತ್ತೆ ಏರತೊಡಗಿತು. ಮಕ್ಕಳ ಮುಖ ಅರಳಿತು. ಲೆಕ್ಕದ ಪ್ರಕಾರ ಏರಿಳಿತ ಐದೂವರೆ ಡಿಬಿ (ಡೆಸಿಬೆಲ್), ಅಂದರೆ ಸುಮಾರು ಮೂರೂವರೆ ಪಟ್ಟು ಇರಬೇಕು. ನಮಗೆ ಸಿಕ್ಕಿದ್ದು ಕಡಿಮೆ. ಬಿಲ್ಲೆ ಚೂರು ವಾಲಿದರೂ ಹಾಗಾಗುತ್ತದೆ.

ಹಳೆಯ ವಿದ್ಯಾರ್ಥಿ ಮೀಟರ್ ನೋಡುತ್ತಲೇ ಕೇಳಿದ: "ಸರ್, ಇದು ಬೆಳಕಿನ ಕೆಲಸೋ, ಕಾವಿನ ಕೆಲಸೋ ರೀ?"

ನನಗೆ ಮುಖ್ಯ ಅನಿಸುವುದು ಈ ಪ್ರಶ್ನೆಯೇ. ಬೆಳಕು ಬಿದ್ದಾಗ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಸೂಚ್ಯಂಕ ತಗ್ಗುತ್ತದೆ. ಇದರ ಲೆಕ್ಕವನ್ನು ಸೊರೆಫ್ ಮತ್ತು ಬೆನೆಟ್ ಎಂಬ ವಿಜ್ಞಾನಿಗಳು 1987ರಲ್ಲೇ ಕೊಟ್ಟಿದ್ದಾರೆ. ಕಾವು ಏರಿದರೆ ಉಲ್ಟಾ, ಸೂಚ್ಯಂಕ ಹೆಚ್ಚುತ್ತದೆ. ಅರ್ಧ ಮಿಲಿಮೀಟರ್ ಬಿಲ್ಲೆಯಲ್ಲಿ ಸುಮಾರು 8 ಡಿಗ್ರಿಗೆ ಒಂದು ಪೂರ್ತಿ ಏರಿಳಿತ.

ಈ ಎರಡನ್ನೂ ಬೇರ್ಪಡಿಸಲು ಬಿಲ್ಲೆಯ ಒಂದು ಮೂಲೆಗೆ ಮಾತ್ರ ಕಪ್ಪು ಬಣ್ಣ ಬಳಿದು, ಎಲ್‌ಇಡಿ ಬೆಳಕು ಅಲ್ಲಷ್ಟೇ ಬೀಳುವ ಹಾಗೆ ಮಾಡಿದೆವು. ಬಣ್ಣ ಬೆಳಕನ್ನು ನುಂಗುತ್ತದೆ, ಒಳಗೆ ಹೋಗುವುದು ಕಾವು ಮಾತ್ರ. ಪಕ್ಕಕ್ಕೆ ಕಾವು ಅಳೆಯುವ ಥರ್ಮೋಕಪಲ್ ಅಂಟಿಸಿದ್ದೆವು. ಮೊದಲಿನಷ್ಟೇ ಡಿಗ್ರಿ ಏರಿದಾಗ ಮೊದಲಿನಷ್ಟೇ ಏರಿಳಿತ ಬಂತು. ಅಂದರೆ ಕಂಡದ್ದೆಲ್ಲ ಕಾವಿನ ಕೆಲಸ. ಎಲೆಕ್ಟ್ರಾನುಗಳ ಪರಿಣಾಮ ಕಾಣಬೇಕಾದರೆ ತೀವ್ರವಾದ ಪಲ್ಸ್ ಲೇಸರ್ ಬೇಕು. ಆ ಪರಿಣಾಮ ಕ್ಷಣದಲ್ಲಿ ಬಂದು ಹೋಗುತ್ತದೆ, ಈ ನಿಧಾನದ ಮೀಟರಿಗೆ ಸಿಗುವುದಿಲ್ಲ. ಕಾವು ಹಾಗಲ್ಲ, ನಿಧಾನ.

ಹಾಗಂತ ಕಾವನ್ನು ಕಡೆಗಣಿಸಬೇಡಿ. ಸಿಲಿಕಾನ್ ಚಿಪ್‌ಗಳಲ್ಲಿ ಬೆಳಕಿನ ದಾರಿ ಬದಲಿಸಲು ಪುಟ್ಟ ಹೀಟರ್‌ಗಳನ್ನೇ ಜಾಸ್ತಿ ಬಳಸುತ್ತಾರೆ. ದಪ್ಪ ಬಿಲ್ಲೆಯಲ್ಲಿ ಮಾತ್ರ ಒಂದೇ ಜಾಗದ ಸೂಚ್ಯಂಕ ಬದಲಿಸುವುದು ಕಷ್ಟ. ಸಿಲಿಕಾನ್ ಕಾವನ್ನು ಬೇಗ ಹರಡುತ್ತದೆ, ತುಂಡೆಲ್ಲ ಬಿಸಿಯಾಗುತ್ತದೆ. ಬೆಳಕಿನ ಕಾವಿನಿಂದ ಬೇಕಾದ ಜಾಗದಲ್ಲಷ್ಟೇ ಸೂಚ್ಯಂಕ ಬದಲಿಸಬೇಕಾದರೆ ತೆಳು ಪದರ ಒಳ್ಳೆಯದು.

ನೀವೂ ಮಾಡುವುದಾದರೆ ಬೆಳಿಗ್ಗೆ ಬೇಗ ಶುರು ಮಾಡಿ, ಫ್ಯಾನ್ ಆರಿಸಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಕೋಣೆ ಕಾದರೆ ಸಾಕು, ಎಲ್‌ಇಡಿ ಹಚ್ಚದೆಯೂ ಅಂಕಿ ಸರಿಯುತ್ತದೆ.