ಅಮೆರಿಕದ ಹಳೇ ಕೌನ್ಸಿಲ್ ನಡಾವಳಿ ಓದುವುದು ಹೇಗೆ?

ನಾನು 28 ವರ್ಷ ಬಾಗಲಕೋಟೆ ಜಿಲ್ಲೆಯ ಒಂದು ಪುರಸಭೆಯಲ್ಲಿ ಸಭೆಯ ನಡಾವಳಿ ಬರೆದವಳು. ವಿಷಯಪಟ್ಟಿ ಮಾಡುವುದು, ಸದಸ್ಯರ ಮನೆಗೆ ನೋಟಿಸ್ ಮುಟ್ಟಿಸುವುದು, ಸಭೆಯ ದಿನ ಮೂಲೆಯ ಕುರ್ಚಿಯಲ್ಲಿ ಕುಳಿತು ಯಾರು ಏನಂದರು ಅಂತ ಬರೆದುಕೊಳ್ಳುವುದು, ಮರುದಿನ ಅದನ್ನು ಠರಾವು ಪುಸ್ತಕಕ್ಕೆ ಇಳಿಸುವುದು. ಇದೇ ನನ್ನ ಕೆಲಸವಾಗಿತ್ತು.

ಹೋದ ದೀಪಾವಳಿಗೆ ತಂಗಿಯ ಮಗಳು ನವನಗರದ ನಮ್ಮ ಮನೆಗೆ ಬಂದಿದ್ದಳು. ಬೆಳಗಾವಿಯಲ್ಲಿ ಇತಿಹಾಸದ ಎಂ.ಎ. ಓದುತ್ತಾಳೆ. 19ನೇ ಶತಮಾನದಲ್ಲಿ ಬೆಳೆಯುತ್ತಿದ್ದ ಅಮೆರಿಕದ ಊರುಗಳ ಬಗ್ಗೆ ಅವಳು ಪ್ರಬಂಧ ಬರೆಯಬೇಕಿತ್ತು. ಲ್ಯಾಪ್‌ಟಾಪ್ ತೆರೆದು ಸಿಯಾಟಲ್ ಊರಿನ ಹಳೇ ಕೌನ್ಸಿಲ್ ಕಾಗದ ತೋರಿಸಿದಳು. ‘ದೊಡ್ಡವ್ವ, ನೋಡಿಲ್ಲೆ. ಬರೇ ಗಟಾರ, ಹಲಗಿ, ದೀಪದ ಎಣ್ಣಿ. ಇದರಾಗ ಇತಿಹಾಸ ಎಲ್ಲೈತಿ?’ ಅಂದಳು. ನಾನು ಕನ್ನಡಕ ಹಾಕಿಕೊಂಡು ಎರಡು ಪುಟ ಓದಿದೆ. ಎದೆ ತುಂಬಿ ಬಂತು. ಅಷ್ಟು ದೂರದ ಊರಲ್ಲಿ, ಅಷ್ಟು ವರ್ಷದ ಹಿಂದೆ, ಯಾರೋ ಒಬ್ಬ ಗುಮಾಸ್ತ ನನ್ನದೇ ಕೆಲಸ ಮಾಡಿದ್ದ.

ಅವಳಿಗೆ ಆ ನಾಲ್ಕು ದಿನ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಭೆಯಿಂದ ಸಭೆಗೆ ಸುಮ್ನೆ ಪುಟ ತಿರುವುತ್ತಾ ಹೋದರೆ ಏನೂ ತಿಳಿಯುವುದಿಲ್ಲ. ಯಾವುದಾದರೂ ಒಂದು ಅರ್ಜಿ ಹಿಡಿಯಿರಿ. ಅದರ ಖರ್ಚಿನ ಬಿಲ್ಲು ಪಾಸಾಗುವವರೆಗೂ ಬೆನ್ನು ಬಿಡಬೇಡಿ.

ಪುಸ್ತಕ ತೆರೆಯುವ ಮುಂಚೆ ಸನದು ನೋಡಿ

ಅಮೆರಿಕದ ಊರಿಗೆ ಕೌನ್ಸಿಲ್ ತಾನಾಗಿ ಹುಟ್ಟುವುದಿಲ್ಲ. ಆ ಕಾಲದಲ್ಲಿ ಆ ರಾಜ್ಯದ ಶಾಸನಸಭೆ ಚಾರ್ಟರ್ ಕೊಡಬೇಕಿತ್ತು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಸನದು. ಎಷ್ಟು ಪಟ್ಟಿ, ಅಂದರೆ ತೆರಿಗೆ, ಹಾಕಬಹುದು, ಎಷ್ಟು ಸಾಲ ಎತ್ತಬಹುದು, ಎಷ್ಟು ವಾರ್ಡು, ಎಲ್ಲ ಅದರಲ್ಲೇ ಇರುತ್ತಿತ್ತು. 1868ರಲ್ಲಿ ಅಯೋವಾ ರಾಜ್ಯದ ನ್ಯಾಯಾಧೀಶ ಜಾನ್ ಡಿಲ್ಲನ್ ಇದನ್ನೇ ತೀರ್ಪಿನಲ್ಲಿ ಬರೆದರು. ಶಾಸನಸಭೆ ಕೊಟ್ಟಷ್ಟೇ ಅಧಿಕಾರ, ಅದಕ್ಕಿಂತ ಜಾಸ್ತಿ ಇಲ್ಲ. ಬ್ರಿಟಿಷರ ಕಾಲದ ನಮ್ಮ ಮುಂಬೈ ಇಲಾಖೆಯ ಊರುಗಳಲ್ಲೂ 1850ರ 26ನೇ ಕಾಯ್ದೆಯಿಂದಲೇ ಪುರಸಭೆಗಳು ಶುರುವಾದವು. ಚುನಾಯಿತ ಸದಸ್ಯರಿಗೆ ನಿಜವಾದ ಬಲ ಬರಲು ವೈಸ್‌ರಾಯ್ ಲಾರ್ಡ್ ರಿಪ್ಪನ್ 1882ರಲ್ಲಿ ಮಾಡಿದ ಠರಾವಿನ ತನಕ ಕಾಯಬೇಕಾಯಿತು.

ಸನದು ನೋಡದೆ ಹೋದರೆ ಏನಾಗುತ್ತದೆ ಅಂತ ನಮ್ಮ ಹುಡುಗಿಯ ಉದಾಹರಣೆಯೇ ಹೇಳುತ್ತೇನೆ. 1868ರ ಸಿಯಾಟಲ್ ನಡಾವಳಿ ಎಲ್ಲಿ ಅಂತ ಎರಡು ದಿನ ಹುಡುಕಿದಳು. ಸಿಗಲಿಲ್ಲ. ಕಳೆದುಹೋಗಿದೆ ಅಂದುಕೊಂಡಳು. ಆ ವರ್ಷ ಸಭೆಯೇ ಇರಲಿಲ್ಲ! 1865ರ ಜನವರಿಯಲ್ಲಿ ಸಿಯಾಟಲ್‌ಗೆ ಮೊದಲ ಸನದು ಸಿಕ್ಕಿತು. 1867ರಲ್ಲಿ ಊರಿನ ಜನರೇ ಬೇಡವೆಂದು ಅರ್ಜಿ ಕೊಟ್ಟು ಅದನ್ನು ರದ್ದು ಮಾಡಿಸಿದರು. ಮತ್ತೆ ಸನದು ಬಂದದ್ದು 1869ರ ಡಿಸೆಂಬರ್‌ನಲ್ಲಿ. ಮೆಂಫಿಸ್ ಊರಿನದೂ ಹೀಗೇ. 1878ರ ಹಳದಿ ಜ್ವರದಲ್ಲಿ 5,000ಕ್ಕೂ ಹೆಚ್ಚು ಜನ ಸತ್ತರು, ಊರು ಸಾಲದಲ್ಲಿ ಮುಳುಗಿತು, 1879ರಲ್ಲಿ ಸನದೇ ಹೋಯಿತು.

ಮೋಸ ಮಾಡುವ ಪದಗಳು

ಇಂಗ್ಲಿಷ್ ಬರುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ನಾನೂ ಎಡವಿದೆ. ‘ಲೇಯ್ಡ್ ಆನ್ ದ ಟೇಬಲ್’ ಅಂತ ಪುಟಪುಟಕ್ಕೂ ಬರುತ್ತದೆ. ನಮ್ಮಲ್ಲಿ ಸದನದ ಮೇಜಿನ ಮೇಲೆ ಇಡುವುದು ಎಂದರೆ ಮಂಡಿಸುವುದು, ಅಲ್ವಾ? ಅಲ್ಲಿ ಅದರ ಅರ್ಥ ಪೂರ್ತಿ ಉಲ್ಟಾ. ಚರ್ಚೆ ಬೇಡ, ಬದಿಗಿಡಿ ಅಂತ. ಆ ಸಾಲು ಬಂದರೆ, ಮತ್ತೆ ಎತ್ತಿಕೊಳ್ಳುವವರೆಗೆ ಅರ್ಜಿಯ ಉಸಿರು ನಿಂತಿತು ಅಂತಲೇ ತಿಳಿಯಿರಿ.

‘ಆರ್ಡಿನನ್ಸ್’ ಅಂದರೆ ನಮ್ಮ ಪತ್ರಿಕೆಗಳು ಸುಗ್ರೀವಾಜ್ಞೆ ಅನ್ನುತ್ತವೆ. ಅಲ್ಲಿ ಅದು ಊರಿನ ಬೈಲಾ, ಅಷ್ಟೇ. ‘ವಾರಂಟ್’ ಕಂಡು ಹುಡುಗಿ ಯಾರನ್ನೋ ಬಂಧಿಸಿದರು ಅಂತ ಬರೆದಿದ್ದಳು. ಬಿಲ್ಲಿನ ಹಣ ಕೊಡಿ ಅಂತ ಖಜಾಂಚಿಗೆ ಬರೆದ ಚೀಟಿ ಅದು. ‘ಪೌಂಡ್’ ಅಂದರೆ ಹಣವೂ ಅಲ್ಲ, ತೂಕವೂ ಅಲ್ಲ, ಕೊಂಡವಾಡ. ಬೀದಿಯಲ್ಲಿ ಬಿಟ್ಟ ಹಂದಿ, ದನ ಹಿಡಿದು ಕೂಡುವ ಜಾಗ. ಆ ಕಾಲದ ಊರುಗಳಲ್ಲಿ ಅದು ದೊಡ್ಡ ಜಗಳದ ವಿಷಯ. ‘ರಿಮಾನ್ಸ್ಟ್ರನ್ಸ್’ ಅಂದರೆ ತಕರಾರು ಅರ್ಜಿ. ‘ಆಲ್ಡರ್ಮನ್’ ಅಂದರೆ ವಾರ್ಡಿನ ಸದಸ್ಯ.

ಸಭೆಯ ಕ್ರಮ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಹಾಜರಿ, ಹಿಂದಿನ ಸಭೆಯ ನಡಾವಳಿ ಓದುವುದು, ಅರ್ಜಿಗಳು, ಸಮಿತಿಗಳ ವರದಿ, ಬೈಲಾಗಳು, ಬಿಲ್ಲುಗಳು, ಮುಕ್ತಾಯ. ಬೈಲಾವನ್ನು ಮೂರು ಸಲ ಓದಿದ ಮೇಲೆ ಮತಕ್ಕೆ ಹಾಕುವ ರೂಢಿ ಇತ್ತು. ‘ನಿಯಮ ಸಡಿಲಿಸಿ ಒಂದೇ ದಿನ ಮೂರೂ ಸಲ ಓದಲಾಯಿತು’ ಅಂತ ಕಂಡರೆ ಪೆನ್ಸಿಲ್‌ನಿಂದ ಗುರುತು ಹಾಕಿ. ಯಾರಿಗೋ ಅವಸರ ಇತ್ತು. ಅಂಥ ದಿನ ‘ಇಲ್ಲ’ ಅಂದವರ ಹೆಸರನ್ನು ತಪ್ಪದೆ ಬರೆದುಕೊಳ್ಳಿ.

ಒಂದು ಹಲಗೆ ಕಾಲುದಾರಿಯ ಬೆನ್ನು ಹತ್ತಿ

ಕಲಿಯಲು ಎಲ್ಲಕ್ಕಿಂತ ಸುಲಭ ವಿಷಯ ಕಾಲುದಾರಿ. ಆಗ ಅಲ್ಲಿಯ ಕಾಲುದಾರಿಗಳು ಮರದ ಹಲಗೆಯವು. ಬೀದಿ ಅಂದರೆ ಕೆಸರು. ಹಲಗೆ ಹಾಕಿಸಿ ಅಂತ ಅಂಗಡಿಕಾರರು ಅರ್ಜಿ ಕೊಡುತ್ತಾರೆ. ಅದು ಬೀದಿ ಸಮಿತಿಗೆ ಹೋಗುತ್ತದೆ. ಸಮಿತಿ ಒಪ್ಪುತ್ತದೆ. ಪತ್ರಿಕೆಯಲ್ಲಿ ನೋಟಿಸ್ ಬರುತ್ತದೆ. ಆಗ ತಕರಾರು ಶುರು. ಯಾಕೆಂದರೆ ಖರ್ಚು ಊರಿನ ಖಜಾನೆಯಿಂದಲ್ಲ. ಯಾರ ಜಾಗದ ಮುಂದೆ ಕೆಲಸ ಆಗುತ್ತದೋ ಅವರ ಮೇಲೆ, ಬೀದಿಗೆ ಮುಖ ಮಾಡಿದ ಜಾಗ ಎಷ್ಟು ಅಡಿ ಇದೆಯೋ ಅಷ್ಟರ ಲೆಕ್ಕದಲ್ಲಿ ಬೀಳುತ್ತದೆ. ಆಮೇಲೆ ಟೆಂಡರ್, ಗುತ್ತಿಗೆ, ಬಿಲ್ಲು, ವಾರಂಟ್.

ಒಂದು ನೋಟುಬುಕ್ಕಿನಲ್ಲಿ ತಾರೀಖು, ಪುಟ, ಹೆಸರು, ಏನಾಯಿತು ಅಂತ ಅಂಕಣ ಎಳೆಯಿರಿ. ನಮ್ಮ ಆವಕ–ಜಾವಕ ರಿಜಿಸ್ಟರಿನ ಹಾಗೆ. ಅರ್ಜಿಯಲ್ಲಿ ಸಹಿ ಹಾಕಿದವನ ಹೆಸರೇ ಗುತ್ತಿಗೆಯಲ್ಲೂ ಬಂತೇ? ಸಮಿತಿಯ ಸದಸ್ಯನ ಮನೆ ಅದೇ ಬೀದಿಯಲ್ಲಿದೆಯೇ? ಇದನ್ನು ತಿಳಿಯಲು ಆ ಕಾಲದ ನಗರ ಡೈರೆಕ್ಟರಿ ನೋಡಿ. 1867ರಿಂದ ಶುರುವಾದ ಸ್ಯಾನ್‌ಬಾರ್ನ್ ನಕ್ಷೆಗಳೂ ಇವೆ. ಬೆಂಕಿ ವಿಮೆಗಾಗಿ ಮಾಡಿದ ನಕ್ಷೆಗಳು ಅವು. ಯಾವ ಕಟ್ಟಡ ಮರದ್ದು, ಯಾವುದು ಇಟ್ಟಿಗೆಯದ್ದು ಅಂತ ಬಣ್ಣ ಹಚ್ಚಿ ತೋರಿಸಿದ್ದಾರೆ. ಹಳೇ ಪತ್ರಿಕೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನವರು ಪುಕ್ಕಟೆ ಓದಲು ಇಟ್ಟಿದ್ದಾರೆ.

ಗುಮಾಸ್ತೆಯಾಗಿ ಇನ್ನೊಂದು ಮಾತು. ನಮ್ಮ ಪುರಸಭೆಯಲ್ಲಿ ಒಬ್ಬ ಅಜ್ಜಿ ಗಟಾರಕ್ಕೆ ಅರ್ಜಿ ಕೊಟ್ಟಿದ್ದರು. ಸಭೆ ಒಪ್ಪಿತು. ‘ಸೂಕ್ತ ಕ್ರಮ ಕೈಗೊಳ್ಳಲು ಠರಾಯಿಸಲಾಯಿತು’ ಅಂತ ಹೇಳಿ ಬರೆಸಿದರು, ನಾನು ಬರೆದೆ. ಯಾರು ಮಾಡಬೇಕು, ಯಾವ ಹಣದಲ್ಲಿ, ಯಾವಾಗ, ಒಂದೂ ಇಲ್ಲ. ಮೂರು ಮಳೆಗಾಲ ಆ ಅಜ್ಜಿಯ ಹೊಸ್ತಿಲ ಒಳಗೆ ನೀರು ಬಂತು. ಅವರು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದದ್ದು ಇವತ್ತಿಗೂ ಕಣ್ಣಮುಂದಿದೆ. ಅಂದಿನಿಂದ ಯಾವ ಠರಾವು ಓದಿದರೂ ಮೊದಲು ಆ ಮೂರನ್ನೇ ಹುಡುಕುತ್ತೇನೆ. ನೀವೂ ಹುಡುಕಿ. ಮೂರೂ ಇಲ್ಲದ ಠರಾವು ಕಂಡರೆ, ಮುಂದಿನ ವರ್ಷದ ಪುಟಗಳಲ್ಲಿ ಅದೇ ಅರ್ಜಿ ಮತ್ತೆ ಬಂದಿದೆಯೇ ನೋಡಿ.

ಮಟ್ಟದ ಲೆಕ್ಕ

‘ಗ್ರೇಡ್’ ಅನ್ನುವ ಪದವನ್ನು ಹುಡುಗಿ ಬಿಟ್ಟು ಓದುತ್ತಿದ್ದಳು. ಬೀದಿ ಇಷ್ಟು ಅಡಿ ಎತ್ತರದಲ್ಲಿ ಇರಬೇಕು ಅಂತ ಗೊತ್ತು ಮಾಡುವ ಬೈಲಾ. ಓದಲು ಬರೀ ಅಂಕಿ. ಆದರೆ ಬಾಗಲಕೋಟೆಯವರಿಗೆ ಅಂಕಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರ್ ಅನ್ನುವುದೂ ಕಾಗದದ ಮೇಲಿನ ಅಂಕಿಯೇ. ಅದರಿಂದಲೇ ನಮ್ಮ ಹಳೇ ಊರಿನ ಓಣಿ ಹಿನ್ನೀರಿಗೆ ಹೋಯಿತು. ನಾನು ಹುಟ್ಟಿದ ಮನೆಯೂ ಹೋಯಿತು. ನಾವು ಎತ್ತರದ ನವನಗರಕ್ಕೆ ಬಂದೆವು.

ಶಿಕಾಗೋದವರು ಊರು ಬಿಡಲಿಲ್ಲ, ಊರನ್ನೇ ಎತ್ತಿದರು. 1837ರಲ್ಲಿ ಅದು ನಗರವಾದಾಗ ಜನ ಸುಮಾರು 4,000. 1860ಕ್ಕೆ ಲಕ್ಷ ದಾಟಿತ್ತು. ನೆಲ ಪಕ್ಕದ ಮಿಶಿಗನ್ ಸರೋವರದ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ. ನೀರು ಹರಿದು ಹೋಗುತ್ತಿರಲಿಲ್ಲ. 1854ರಲ್ಲಿ ಕಾಲರಾ ಬಂತು. ಮರುವರ್ಷವೇ ಒಳಚರಂಡಿ ಮಂಡಳಿ ಮಾಡಿ, ಎಲ್ಲಿಸ್ ಚೆಸ್‌ಬ್ರೋ ಎಂಬ ಎಂಜಿನಿಯರ್‌ನನ್ನು ಕರೆಸಿದರು. ಅಗೆಯಲು ಇಳಿಜಾರು ಇಲ್ಲದ್ದರಿಂದ ಒಳಚರಂಡಿಯನ್ನು ಬೀದಿಯ ಮೇಲೇ ಹಾಕಿ, ಅದರ ಮೇಲೆ ಮಣ್ಣು ತುಂಬಿದರು. ಬೀದಿ ಎತ್ತರವಾಯಿತು, ಮನೆಗಳು ತಗ್ಗಿಗೆ ಬಿದ್ದವು. ಆಮೇಲೆ ಕಟ್ಟಡಗಳನ್ನೂ ಜಾಕಿ ಕೊಟ್ಟು ಮೇಲೆತ್ತಿದರು. 1861ರಲ್ಲಿ ಟ್ರೆಮಾಂಟ್ ಹೌಸ್ ಎಂಬ ದೊಡ್ಡ ಹೋಟೆಲನ್ನು ಎತ್ತಿದ ಗುತ್ತಿಗೆದಾರರಲ್ಲಿ, ಮುಂದೆ ರೈಲು ಬೋಗಿಗಳಿಗೆ ಹೆಸರಾದ ಜಾರ್ಜ್ ಪುಲ್‌ಮನ್ ಒಬ್ಬ. ಹಾಗಾಗಿ ‘ಗ್ರೇಡ್’ ಕಂಡಲ್ಲಿ ನಿಲ್ಲಿ. ಆ ಬೀದಿಯ ತಕರಾರು ಅರ್ಜಿಗಳನ್ನು ಹುಡುಕಿ. ನನ್ನ ಬಾಗಿಲು ಬೀದಿಗಿಂತ ಕೆಳಗಾಯಿತು, ಖರ್ಚು ಯಾರು ಕೊಡುತ್ತೀರಿ ಅಂತ ಕೇಳುವವರು ಅಲ್ಲೇ ಸಿಗುತ್ತಾರೆ.

ಶಿಕಾಗೋದ ಹಳೇ ಕೌನ್ಸಿಲ್ ಕಡತಗಳು 1871ರ ಬೆಂಕಿಯಲ್ಲಿ ಸುಟ್ಟುಹೋದವು ಅಂತಲೇ ಬಹಳ ಕಾಲ ಎಲ್ಲರೂ ನಂಬಿದ್ದರು. 1980ರ ದಶಕದಲ್ಲಿ ಗೋದಾಮಿನಲ್ಲಿ ಸಾವಿರಾರು ಕಡತ ಸಿಕ್ಕವು. ಈ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಪುಸ್ತಕದಲ್ಲಿ ಯಾರ ಅರ್ಜಿ ಇಲ್ಲ?

ಇದನ್ನು ಕೇಳದೆ ಪ್ರಬಂಧ ಮುಗಿಸಬೇಡಿ. ಸಿಯಾಟಲ್ ಎಂಬ ಹೆಸರು ಅಲ್ಲಿಯ ಮೂಲನಿವಾಸಿಗಳ ನಾಯಕನದು. ಆದರೆ 1865ರ ಫೆಬ್ರವರಿಯಲ್ಲಿ ಊರಿನ ಮೊದಲ ಆಡಳಿತ ಮಂಡಳಿ ಮಾಡಿದ 5ನೇ ಬೈಲಾ ಏನು ಗೊತ್ತೇ? ಮೂಲನಿವಾಸಿಗಳು ಊರೊಳಗೆ ವಾಸ ಮಾಡಬಾರದು ಅಂತ. ಕೆಲಸಕ್ಕೆ ಇಟ್ಟುಕೊಂಡವರು ತಮ್ಮ ಜಾಗದಲ್ಲೇ ಅವರಿಗೆ ಇರಲು ಕೊಡಬೇಕು ಅಂತಲೂ ಬರೆದರು. ದುಡಿಮೆ ಬೇಕು, ಮನೆ ಬೇಡ. ಓದಿ ನನ್ನ ಕೈ ನಡುಗಿತು. ಇಂಥದ್ದನ್ನು ಬರೆದವನೂ ನನ್ನ ಹಾಗೆ ಒಬ್ಬ ಗುಮಾಸ್ತನೇ. 1886ರ ಫೆಬ್ರವರಿಯಲ್ಲಿ ಅದೇ ಊರಿನ ಗುಂಪು ಚೀನೀ ಜನರನ್ನು ಮನೆಗಳಿಂದ ಎಬ್ಬಿಸಿ ಹಡಗುಕಟ್ಟೆಗೆ ಅಟ್ಟಿತು. ಇಂಥ ತಿಂಗಳುಗಳ ಪುಟ ಓದುವಾಗ ಪಕ್ಕದಲ್ಲಿ ಪತ್ರಿಕೆಯನ್ನೂ ಇಟ್ಟುಕೊಳ್ಳಿ. ಎರಡನ್ನೂ ತಾರೀಖಿಗೆ ತಾರೀಖು ಜೋಡಿಸಿ ಓದಿ.

ಬಿಲ್ಲು ಬಂದ ಮೇಲೂ ಸ್ವಲ್ಪ ಓದಿ

ಬಿಲ್ಲಿನ ಪಟ್ಟಿ ಬೇಜಾರು ಅಂತ ಹಾರಿಸಬೇಡಿ. ಕೈದಿಗಳ ಊಟ, ದೀಪದ ಎಣ್ಣೆ, ಮೊಳೆ, ಸತ್ತ ಕುದುರೆ ಸಾಗಿಸಿದ ಕೂಲಿ, ಅನಾಥ ಹೆಣದ ಪೆಟ್ಟಿಗೆ. ಊರಿನ ದಿನದಿನದ ಬದುಕು ಇಲ್ಲೇ ಇದೆ. ಅಕ್ಷರ ತಿಳಿಯದಿದ್ದರೆ ಹಾಜರಿಯ ಸಾಲಿನಿಂದ ಶುರು ಮಾಡಿ. ಸದಸ್ಯರ ಹೆಸರು ಪ್ರತಿ ಸಭೆಗೂ ಬರುತ್ತದೆ. ಅದರಿಂದ ಆ ಗುಮಾಸ್ತನ ಅಕ್ಷರಗಳ ತಿರುವು ಕಣ್ಣಿಗೆ ಕೂರುತ್ತದೆ.

ನಮ್ಮ ಹುಡುಗಿ ಕೊನೆಗೆ ನೀರಿನ ವಿಷಯ ಹಿಡಿದಳು. ಸಿಯಾಟಲ್‌ನಲ್ಲಿ 1880ರಲ್ಲಿ 3,533 ಜನ. 1890ಕ್ಕೆ 42,837. ನಡುವೆ 1889ರ ಜೂನ್ 6ರಂದು ಬಡಿಗೆ ಅಂಗಡಿಯೊಂದರಲ್ಲಿ ಅಂಟು ಕಾಯಿಸುವಾಗ ಬೆಂಕಿ ಹತ್ತಿ ವ್ಯಾಪಾರದ ಓಣಿಗಳೆಲ್ಲ ಸುಟ್ಟವು. ನೀರು ಖಾಸಗಿ ಕಂಪನಿಯ ಕೈಯಲ್ಲಿತ್ತು. ಕೆಲವು ಪೈಪುಗಳು ಮರದ ದಿಮ್ಮಿ ಕೊರೆದು ಮಾಡಿದವು. ಬೆಂಕಿಗೆ ನೀರು ಸಾಲಲಿಲ್ಲ. ಜುಲೈ 8ರಂದು ಊರಿಗೆ ಸ್ವಂತ ನೀರು ಬೇಕೇ ಅಂತ ಮತಕ್ಕೆ ಹಾಕಿದರು. ಬೇಕು ಅಂದವರು 1,875. ಬೇಡ ಅಂದವರು 51.

ಅವಳು ಅಲ್ಲಿಗೆ ನೋಟುಬುಕ್ಕು ಮುಚ್ಚುವವಳಿದ್ದಳು. ನಾನು ಬಿಡಲಿಲ್ಲ. ನೀರು ಯಾವಾಗ ಬಂತು ಅಂತ ಕೇಳಿದೆ. ಮತ್ತೆ ಹುಡುಕಲು ಕುಳಿತಳು. ಕೌನ್ಸಿಲ್‌ನ ಸಾಲದ ಮಿತಿ, 1893ರ ಹಣಕಾಸಿನ ಕುಸಿತ, ನೀರಪಟ್ಟಿಯಿಂದಲೇ ತೀರಿಸುವ ಸಾಲಕ್ಕೆ 1895ರಲ್ಲಿ ಮತ್ತೊಮ್ಮೆ ಜನರ ಒಪ್ಪಿಗೆ, ಹೀಗೆ ಒಂದೊಂದೇ ಸಾಲು ತುಂಬುತ್ತಾ ಹೋಯಿತು. ಮೊನ್ನೆ ರಾತ್ರಿ ಬೆಳಗಾವಿಯಿಂದ ಫೋನ್ ಮಾಡಿದಳು. ‘ದೊಡ್ಡವ್ವ, ಸಿಕ್ತು. ಸೀಡರ್ ನದಿ ನೀರು ಊರಿಗೆ ಮುಟ್ಟಿದ್ದು 1901ರ ಜನವರಿ’ ಅಂದಳು. ಬರೆದುಕೋ ಅಂದೆ.